ಮೌಖಿಕ ಸೂಚನೆಯನ್ನು ಕಡತಕ್ಕೆ ತರುವುದು ಹೇಗೆ?

ಪ್ರಶ್ನೆ:
ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರನಾಗಿದ್ದೇನೆ. ತಕರಾರು ಅರ್ಜಿ ಇತ್ಯರ್ಥವಾಗದ ಜಮೀನಿನ ಕಡತವನ್ನು ಇಂದೇ ಮುಗಿಸಬೇಕೆಂದು ಜನಪ್ರತಿನಿಧಿಯೊಬ್ಬರು ದೂರವಾಣಿಯಲ್ಲಿ ಹೇಳಿದರು. ನಾಳೆ ವಿಚಾರಣೆ ನಡೆದರೆ ಕಡತದಲ್ಲಿ ಇರುವುದು ನನ್ನ ಸಹಿ ಮಾತ್ರ. ಹಿರಿಯರು ದಯವಿಟ್ಟು ದಾರಿ ತೋರಿಸಿ.

ಉತ್ತರ 1:
ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳು ಮೌಖಿಕ ಸೂಚನೆಯಂತೆ ನಡೆಯಬಾರದು, ಅಂಥ ಸೂಚನೆ ಬಂದರೆ ಅದನ್ನು ಬರಹದಲ್ಲಿ ದಾಖಲಿಸಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ದಾಖಲೆಯೇ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ನಾಗರಿಕರಿಗೆ ಸಿಗುವುದಾದರೂ ಏನು?

ಉತ್ತರ 2:
ನಾನು ಟಿಪ್ಪಣಿ ಹಾಳೆಯಲ್ಲಿ ಕರೆ ಬಂದ ದಿನಾಂಕ, ಸಮಯ, ಹೇಳಿದ ಮಾತು ಇಷ್ಟನ್ನೇ ಬರೆದು, ಕೆಳಗೆ ‘ತಕರಾರು ಬಾಕಿ ಇದೆ, ಆದೇಶಕ್ಕಾಗಿ ಮಂಡಿಸಿದೆ’ ಎಂದು ಸೇರಿಸಿ ತಹಶೀಲ್ದಾರರಿಗೆ ಕಳುಹಿಸುತ್ತಿದ್ದೆ. ಒಮ್ಮೆ ಇದೇ ಕಾರಣಕ್ಕೆ ವರ್ಗಾವಣೆಯಾಯಿತು. ಮಕ್ಕಳ ಶಾಲೆ ಬದಲಾಯಿಸಬೇಕಾಗಿ ಬಂದದ್ದು ಇಂದಿಗೂ ನೋಯಿಸುತ್ತದೆ.

ಉತ್ತರ 3:
ವಿಚಾರಣೆಯಿಲ್ಲದೆ ವಜಾ ಮಾಡದಂತೆ ಸಂವಿಧಾನದ 311ನೇ ವಿಧಿ ಸಾಮಾನ್ಯವಾಗಿ ಕಾಯುತ್ತದೆ, ವರ್ಗಾವಣೆಯಿಂದ ಕಾಯುವುದಿಲ್ಲ. ಉತ್ತರ 1ರಲ್ಲಿ ಹೇಳಿದ ತೀರ್ಪು ಒಂದು ಹುದ್ದೆಯಲ್ಲಿ ಕನಿಷ್ಠ ಸೇವಾವಧಿಯನ್ನೂ, ವರ್ಗಾವಣೆಗಳ ಬಗ್ಗೆ ಸಲಹೆ ನೀಡುವ ನಾಗರಿಕ ಸೇವಾ ಮಂಡಳಿಯನ್ನೂ ಕೇಳಿದ್ದು ಇದಕ್ಕಾಗಿಯೇ. ಆದರೂ, ಜನರ ಅಹವಾಲನ್ನು ಕಚೇರಿಗೆ ಮುಟ್ಟಿಸುವುದು ಶಾಸಕರ ಕರ್ತವ್ಯವೇ ಆದ್ದರಿಂದ, ಪ್ರತಿ ಕರೆಯನ್ನೂ ಒತ್ತಡವೆಂದು ಭಾವಿಸದೆ, ಪತ್ರ ಕೊಡುವಂತೆ ವಿನಯದಿಂದ ಕೇಳಿ.