ಅಮ್ಮನಿಗೆ ಬೈಕ್ ಗುದ್ದಿದೆ, ಆಸ್ಪತ್ರೆ ಚೀಟಿಯಲ್ಲಿ 'ಜಾರಿ ಬಿದ್ದರು' ಅಂತಿದೆ. ಈಗ ಏನು ಮಾಡಲಿ?

ನಿಂಬೆಹುಳಿ:

ನಾವು ತುಮಕೂರಿನವರು. ಒಂಬತ್ತು ದಿನದ ಹಿಂದೆ ಸಂಜೆ ಏಳರ ಹೊತ್ತಿಗೆ ಅಮ್ಮ ಬಿ.ಎಚ್. ರಸ್ತೆ ದಾಟುತ್ತಿದ್ದಾಗ ಬೈಕ್ ಗುದ್ದಿತು. ಬಲಗಾಲಿನ ಮೊಣಕಾಲಿಂದ ಕೆಳಗೆ ಎರಡು ಕಡೆ ಮೂಳೆ ಮುರಿದಿದೆ. ಪ್ಲೇಟ್ ಹಾಕಿದ್ದಾರೆ. ಬಿಲ್ 1,38,000. ಅಮ್ಮನಿಗೆ 52 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಕಾಲಲ್ಲಿ ತುಳಿಯುವ ಹಳೇ ಮೆಷಿನ್.

ಗುದ್ದಿದ ಹುಡುಗ ಓಡಿಹೋಗಲಿಲ್ಲ, ಅದನ್ನು ಹೇಳಲೇಬೇಕು. ಅವನೇ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದ. ನಾನು ಬೆಂಗಳೂರಿಂದ ಬಂದು ತಲುಪಿದಾಗ ರಾತ್ರಿ ಹತ್ತೂವರೆ. ಅಷ್ಟರಲ್ಲಿ ಕೇಸ್ ಶೀಟ್ ಬರೆದಾಗಿತ್ತು. 'ರಸ್ತೆಯಲ್ಲಿ ಜಾರಿ ಬಿದ್ದದ್ದು' ಅಂತ. ಡ್ಯೂಟಿ ಡಾಕ್ಟರಿಗೆ ಹುಡುಗ ಹಾಗೇ ಹೇಳಿದ್ದಾನೆ. ಅಮ್ಮ ನೋವಿನಲ್ಲಿ ಬಾಯಿಬಿಟ್ಟಿಲ್ಲ. ನಾನು ಆ ಪುಟ ಓದಿದ್ದೇ ಡಿಸ್‌ಚಾರ್ಜ್ ದಿನ.

ಪೊಲೀಸರಿಗೆ ದೂರು ಕೊಟ್ಟಿಲ್ಲ. ನಿನ್ನೆ ಹುಡುಗನ ಅಪ್ಪ ಮೂಸಂಬಿ, ಜೊತೆಗೆ 25,000 ರೂಪಾಯಿ ಇದ್ದ ಕವರ್ ಹಿಡಿದು ಮನೆಗೆ ಬಂದರು. ಕವರಿನ ಹಿಂದೆಯೇ ಟೈಪ್ ಮಾಡಿಸಿದ ಛಾಪಾ ಕಾಗದ: 'ಮುಂದೆ ಯಾವುದೇ ತಕರಾರು ಮಾಡುವುದಿಲ್ಲ'. ಹುಡುಗ ಸೆಕೆಂಡ್ ಪಿಯು ಓದ್ತಿದಾನೆ, ಭವಿಷ್ಯ ಹಾಳಾಗುತ್ತೆ ಅಂದರು. ಅಮ್ಮ 'ಪಾಪ, ಇಸ್ಕೊಂಡು ಮುಗಿಸು' ಅಂತಾರೆ. ನಾಳೆ ಬನ್ನಿ ಅಂತ ಕಳಿಸಿದ್ದೇನೆ. ಬೈಕ್ ನಂಬರ್ ಇದೆ, ಪಕ್ಕದ ಹೂವಿನ ಗಾಡಿಯವರು ಬರೆದಿಟ್ಟುಕೊಂಡಿದ್ದರು. ದಾರಿ ಇದೆಯಾ?

ಮಲೆನಾಡ ಮಳೆ:

ಒಂಬತ್ತು ದಿನ ಆದಮೇಲೆ ಎಫ್‌ಐಆರ್ ಎಲ್ಲಿ ಆಗುತ್ತೆ ಸ್ವಾಮಿ? ಸುಮ್ನೆ ದುಡ್ಡು ತಗೊಳ್ಳಿ. ಕೋರ್ಟಿಗೆ ಅಲೆದು ನಮ್ಮ ಚಿಕ್ಕಪ್ಪ ಚಪ್ಪಲಿ ಸವೆಸಿದ್ದು ನೋಡಿದ್ದೇನೆ. ಬೇಕಿದ್ದರೆ ಸರ್ಕಾರದ ಹಿಟ್ ಅಂಡ್ ರನ್ ಪರಿಹಾರಕ್ಕೆ ಅರ್ಜಿ ಹಾಕಿ, 50,000 ಬರುತ್ತೆ.

ಹಳೇ ಗುಮಾಸ್ತ:

ಮಲೆನಾಡ ಮಳೆಯವರೇ, ಬೇಜಾರು ಮಾಡ್ಕೋಬೇಡಿ, ಎರಡೂ ತಪ್ಪು. ಗುದ್ದಿದ ವಾಹನ ಯಾವುದು ಅಂತ ಪತ್ತೆಯೇ ಆಗದಿದ್ದರೆ ಮಾತ್ರ ಹಿಟ್ ಅಂಡ್ ರನ್ ಪರಿಹಾರ. ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಇಲ್ಲಿ ನಂಬರ್ ಕೈಯಲ್ಲಿದೆ. ಇನ್ನು ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ರವಿ ವಿರುದ್ಧ ಬದ್ರಿನಾರಾಯಣ್ ಕೇಸಿನಲ್ಲಿ. ತಡ ಯಾಕಾಯಿತು ಅಂತ ದೂರಿನಲ್ಲೇ ಬರೆಯಬೇಕು. ಆಪರೇಷನ್ ಓಡಾಟ ಅನ್ನೋದು ನಿಜವೂ ಹೌದು, ಸಾಕೂ ಹೌದು.

ನಿಂಬೆಹುಳಿ, ನಾನು ಹತ್ತೊಂಬತ್ತು ವರ್ಷ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳೇ ಜಾಸ್ತಿ. ಇನ್ಶೂರೆನ್ಸ್ ಕಡೆಯ ವಕೀಲರು ಮೊದಲು ತಿರುವಿಹಾಕೋದು ಎಕ್ಸ್-ರೇ ಅಲ್ಲ. ಆಸ್ಪತ್ರೆಯ ಮೊದಲ ಪುಟ. ಗಾಯ ಹೇಗಾಯಿತು ಅನ್ನುವ ಆ ಒಂದು ಸಾಲು. 'ಬಿದ್ದರು' ಅಂತಿದ್ದರೆ, ಬೈಕನ್ನು ಆಮೇಲೆ ತಂದು ಸೇರಿಸಿದ್ದಾರೆ ಅಂತ ವಾದ ಶುರು.

ಅದಕ್ಕೇ ಹೇಳ್ತೀನಿ, ಆ ಸಾಲನ್ನು ತಿದ್ದಿಸೋಕೆ ಹೋಗಬೇಡಿ. ಗುಬ್ಬಿ ಕಡೆಯ ಒಬ್ಬ ರೈತರ ಫೈಲ್ ನಮ್ಮಲ್ಲಿತ್ತು. ಯಾರೋ ಪರಿಚಯದವರನ್ನು ಹಿಡಿದು 'ಬಿದ್ದು' ಅನ್ನೋದಕ್ಕೆ ಗೆರೆ ಎಳೆಸಿ, ಮೇಲೆ 'ಬೈಕ್ ಗುದ್ದಿ' ಅಂತ ಬರೆಸಿದ್ದರು. ಮೊದಲ ಬರಹ ನೀಲಿ ಇಂಕು, ತಿದ್ದಿದ್ದು ಕಪ್ಪು. ಪಕ್ಕದಲ್ಲಿ ಸಹಿ ಇಲ್ಲ, ತಾರೀಖಿಲ್ಲ. ಅಪಘಾತ ನಿಜವಾಗಿಯೂ ಆಗಿತ್ತು. ಆ ಕಪ್ಪು ಇಂಕು ನೋಡಿದ ಮೇಲೆ ಉಳಿದ ಯಾವ ಕಾಗದವನ್ನೂ ಯಾರೂ ನಂಬಲಿಲ್ಲ. ಅರ್ಜಿ ವಜಾ.

ಚೀಟಿ ಹಾಗೇ ಇರಲಿ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಆಸ್ಪತ್ರೆಗೆ ಕರೆತಂದವನು ಗುದ್ದಿದವನೇ, ಮಾಹಿತಿ ಕೊಟ್ಟವನೂ ಅವನೇ, ಹಾಗಾಗಿ ತಪ್ಪಾಗಿ ಬರೆಸಿದ್ದಾನೆ ಅಂತ ಅದರಲ್ಲೇ ಬರೆಯಿರಿ. ಹೂವಿನ ಗಾಡಿಯವರ ಹೆಸರು ಸಾಕ್ಷಿಯಾಗಿ ಇರಲಿ. ಆಸ್ಪತ್ರೆಗೂ ಒಂದು ಪತ್ರ ಕೊಡಿ, ಇದು ರಸ್ತೆ ಅಪಘಾತ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅನ್ನುವ ದಾಖಲೆ) ಮಾಡಿ ಠಾಣೆಗೆ ತಿಳಿಸಿ ಅಂತ. ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅದನ್ನೇ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಇನ್ನೊಂದು. ಹುಡುಗ ಸೆಕೆಂಡ್ ಪಿಯು ಅಂದ್ರಿ. ಹದಿನೆಂಟು ತುಂಬಿದೆಯಾ? ತುಂಬಿಲ್ಲ ಅಂದರೆ ಗೇರ್ ಬೈಕಿಗೆ ಲೈಸೆನ್ಸ್ ಇರೋಕೆ ಸಾಧ್ಯವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮೂಸಂಬಿ ಜೊತೆ ಛಾಪಾ ಕಾಗದ ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ವಾ? ಸಹಿ ಹಾಕಬೇಡಿ. ಗಾಡಿ ಓಡಿಸಿದ್ದು ನಾನೇ ಅಂತ ನಾಳೆ ಅಪ್ಪ ಹೇಳಬಹುದು, ಅದಕ್ಕೂ ಸಿದ್ಧವಾಗಿರಿ.

ಕೋಲು ಹಿಡಿದವಳು:

ನನಗೆ ಕಾರು ಗುದ್ದಿ ನಾಲ್ಕು ವರ್ಷ. ಗುಮಾಸ್ತರು ಹೇಳಿದ್ದು ಸರಿ. ನಾನು ಸೇರಿಸೋದು ಎರಡೇ ಮಾತು.

ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ಇವತ್ತೇ ಕೇಳಿ. ಹೊಸ ರೆಕಾರ್ಡಿಂಗ್ ಹಳೇದರ ಮೇಲೆ ಬರುತ್ತಾ ಹೋಗುತ್ತೆ. ನಾನು ಹದಿನೈದು ದಿನ ಬಿಟ್ಟು ಹೋದೆ, 'ನಿನ್ನೆಯವರೆಗೂ ಇತ್ತು ಮೇಡಂ' ಅಂದರು.

ಎರಡನೇದು, ವಾರ್ಡಿಗೇ ಬಂದು 'ಫೀಸ್ ಬೇಡ, ಬಂದದ್ದರಲ್ಲಿ ಶೇ. 30 ಕೊಡಿ' ಅನ್ನೋರಿಗೆ ಸಹಿ ಹಾಕಿ ಕೊಡಬೇಡಿ. ಪರಿಹಾರದಲ್ಲಿ ಪಾಲು ಅಂತ ಫೀಸ್ ಮಾತಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಜಿಲ್ಲಾ ಕೋರ್ಟಿನಲ್ಲಿ ಕೇಳಿ. ನನಗೆ ಇದು ಗೊತ್ತಾಗಿದ್ದು ಪಾಲು ಕೊಟ್ಟ ಮೇಲೆ.

ನಿಂಬೆಹುಳಿ:

ಹುಡುಗನಿಗೆ ಹದಿನೇಳು. ಬೈಕ್ ಅಪ್ಪನ ಹೆಸರಲ್ಲಿದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಲೈಸೆನ್ಸ್ ಇಲ್ಲ ಅಂದರೆ ಕಂಪನಿ ದುಡ್ಡು ಕೊಡಲ್ಲ ಅಲ್ವಾ? ಅಮ್ಮ ಜೀಬ್ರಾ ಪಟ್ಟಿಯ ಮೇಲೆ ದಾಟಿದ್ದೂ ಅಲ್ಲ. ಹೊಲಿಗೆಯ ಆದಾಯಕ್ಕೆ ಒಂದು ಚೀಟಿಯೂ ಇಲ್ಲ.

ಹಳೇ ಗುಮಾಸ್ತ:

ಲೈಸೆನ್ಸ್ ಇಲ್ಲದಿದ್ದರೂ ದಾರಿಹೋಕರ ಕೈ ಬಿಡಲ್ಲ. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಬಂದ ಪದ್ಧತಿ ಇದೆ. ಕಂಪನಿ ಮೊದಲು ನಿಮಗೆ ಕೊಡುತ್ತೆ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳುತ್ತೆ. ಅಂದರೆ ಕೊನೆಗೆ ಹುಡುಗನ ಅಪ್ಪನಿಗೇ ಹೊರೆ. ಅಮ್ಮನಿಗೆ ಇದನ್ನು ಮುಚ್ಚಿಡಬೇಡಿ, ಕೇಸಿಗೆ ಸಹಿ ಹಾಕೋರು ಅವರು.

ಜೀಬ್ರಾ ಇಲ್ಲದ ಕಡೆ ದಾಟಿದರು ಅಂತ ವಾದ ಬಂದೇ ಬರುತ್ತೆ. ಒಪ್ಪಿದರೆ ಒಂದಷ್ಟು ಪಾಲು ಕಡಿಮೆಯಾಗುತ್ತೆ, ಕೇಸ್ ಬೀಳಲ್ಲ. ಪೊಲೀಸರು ಜಾಗ ನೋಡಿ ಮಹಜರು, ನಕ್ಷೆ ಮಾಡುವಾಗ ನೀವೂ ಅಲ್ಲಿರಿ. ಹತ್ತಿರದಲ್ಲಿ ಪಟ್ಟಿ ಇರಲೇ ಇಲ್ಲ ಅಂದರೆ ಅದೂ ನಕ್ಷೆಯಲ್ಲಿ ಕಾಣಲಿ.

ಆದಾಯದ ಚೀಟಿ ಇಲ್ಲದವರಿಗೆ ಅಂದಾಜು ಆದಾಯ ಹಿಡಿಯುತ್ತಾರೆ. ಉದಾಹರಣೆಗೆ ತಿಂಗಳಿಗೆ 12,000 ಅಂತ ಇಟ್ಟುಕೊಳ್ಳಿ. ವಯಸ್ಸಿನ ಮೇಲೆ ಎಷ್ಟು ವರ್ಷದ ಆದಾಯ ಲೆಕ್ಕ ಹಿಡಿಯಬೇಕು ಅನ್ನೋದಕ್ಕೆ ಗುಣಕ ಅಂತಾರೆ, 51ರಿಂದ 55 ವಯಸ್ಸಿಗೆ ಅದು 11. ದುಡಿಮೆಯ ನಷ್ಟ ಶೇ. 15 ಅಂದರೆ 12,000 ಗುಣಿಸು 12, ಗುಣಿಸು 11, ಅದರಲ್ಲಿ ಶೇ. 15. ಅಲ್ಲಿಗೆ 2,37,600. ಆಸ್ಪತ್ರೆ ಖರ್ಚು, ನೋವಿಗೆ, ಮುಂದೆ ಪ್ಲೇಟ್ ತೆಗೆಸೋದಕ್ಕೆ ಬೇರೆ.

ಆ ಶೇಕಡಾವಾರಿನಲ್ಲೇ ಜಗಳ ಇರೋದು. ಡಾಕ್ಟರು ಕಾಲಿಗೆ ಇಷ್ಟು ಶೇಕಡಾ ಊನ ಅಂತ ಬರೆದರೆ ಸಾಮಾನ್ಯವಾಗಿ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ. ಆದರೆ ಗಾಯ ಅವರ ಕಸುಬಿಗೆ ಎಷ್ಟು ಹೊಡೆತ ಕೊಟ್ಟಿದೆ ಅಂತ ನೋಡಬೇಕು ಅನ್ನೋದು 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು. ಬಲಗಾಲಲ್ಲಿ ತುಳಿಯುವ ಮೆಷಿನ್! ಅದರ ಫೋಟೋ ತೆಗೆದಿಡಿ. ಬ್ಲೌಸ್ ಅಳತೆ ಬರೆದ ಹಳೇ ನೋಟ್‌ಬುಕ್ ಇದ್ದೇ ಇರುತ್ತೆ, ಎಸೆಯಬೇಡಿ. ನಾಲ್ಕು ಗಿರಾಕಿಗಳಲ್ಲಿ ಒಬ್ಬರಾದರೂ ಸಾಕ್ಷಿ ಹೇಳಲಿ.

ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಆರು ತಿಂಗಳೊಳಗೆ ಹಾಕಿ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ತಡವಾದ ಅರ್ಜಿಗಳನ್ನು ಸದ್ಯಕ್ಕೆ ವಜಾ ಮಾಡಬೇಡಿ ಅಂತ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಅದನ್ನು ನಂಬಿ ಕೂರಬೇಡಿ.

ನಿಂಬೆಹುಳಿ:

ಈಗಷ್ಟೇ ಠಾಣೆಯಿಂದ ಬಂದೆ. ಮೂರು ಗಂಟೆ ಕೂರಿಸಿದರು, ಎಫ್‌ಐಆರ್ ಆಯಿತು. ಎದುರಿನ ಬೇಕರಿಯ ಕ್ಯಾಮೆರಾದಲ್ಲಿ ಗುದ್ದಿದ್ದು ಕಾಣಲ್ಲ. ಆದರೆ ಅಮ್ಮನನ್ನು ಆಟೋಗೆ ಎತ್ತುವಾಗ ಪಕ್ಕದಲ್ಲಿ ಬಿದ್ದಿರುವ ಬೈಕ್, ಹೆಲ್ಮೆಟ್ ಇಲ್ಲದ ಹುಡುಗ, ಎರಡೂ ಸ್ಪಷ್ಟ. ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ, ಪೊಲೀಸರಿಗೂ ತೋರಿಸಿದೆ.

ಹುಡುಗನ ಅಪ್ಪ ಬಂದಿದ್ದರು. ಕವರ್ ವಾಪಸ್ ಕೊಟ್ಟೆ. ಮೂಸಂಬಿಯನ್ನು ಅಮ್ಮ ಆಗಲೇ ಹಿಂಡಿ ಕುಡಿದಿದ್ದರು.

ಹಳೇ ಗುಮಾಸ್ತ:

ಮೂಸಂಬಿಗೆ ರಸೀದಿ ಕೇಳಲ್ಲ ಬಿಡಿ. ಬೇಕರಿಯವರ ಕ್ಯಾಮೆರಾ ರೆಕಾರ್ಡ್ ಆಗುವ ಪೆಟ್ಟಿಗೆ, ಅಂದರೆ ಮೂಲ ಡಿವಿಆರ್‌ನಿಂದ ಪೊಲೀಸರೇ ಪ್ರತಿ ತಗೊಳ್ಳುವಂತೆ ನಾಳೆ ಒಂದು ಅರ್ಜಿ ಕೊಟ್ಟುಬಿಡಿ, ಬರೀ ಪೆನ್‌ಡ್ರೈವ್ ಸಾಲದು.