ಹೆಸರು ಬರೆಯಲಿಲ್ಲ, ಆದರೂ ತಪ್ಪಾ?

ಪ್ರಶ್ನೆ (ತಾಲ್ಲೂಕು ವರದಿಗಾರ): ನಮಸ್ಕಾರ ಸರ್. ನಮ್ಮ ಕಡೆ ಒಂದು ಪೋಕ್ಸೊ ಕೇಸ್ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್) ದಾಖಲಾಗಿದೆ. ಬಾಲಕಿಯ ಹೆಸರನ್ನು ನಾನು ಬರೆದಿಲ್ಲ. ಊರು ಯಾವುದು, ತಂದೆ ಹಾಲಿನ ಡೈರಿ ಕಾರ್ಯದರ್ಶಿ, ಹುಡುಗಿ ಒಂಬತ್ತನೇ ಕ್ಲಾಸ್, ಇಷ್ಟೇ. ಡೆಸ್ಕ್‌ನವರು ಎಲ್ಲ ಹೊಡೆದುಹಾಕಿ ನಾಲ್ಕು ಸಾಲು ಉಳಿಸಿದ್ದಾರೆ. ಸ್ಟೇಷನ್‌ನಲ್ಲೇ ಕೊಟ್ಟ ಮಾಹಿತಿ ಅದು. ಇದು ಪತ್ರಿಕಾ ಸ್ವಾತಂತ್ರ್ಯಕ್ಕೆ ಕತ್ತರಿ ಅಲ್ವಾ?

ಉತ್ತರ (ಹಿರಿಯ ಉಪಸಂಪಾದಕ): ಬೇಜಾರಾಗಿರುತ್ತೆ, ಗೊತ್ತು. ಆದರೆ ಒಂದು ಮಾತು ಹೇಳಿ, ನಿಮ್ಮ ಊರಲ್ಲಿ ಡೈರಿ ಕಾರ್ಯದರ್ಶಿಗಳು ಎಷ್ಟು ಜನ? ಒಬ್ಬರೇ ತಾನೇ? ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರಿಗೆಲ್ಲ ಅದು ಯಾರ ಮನೆ ಅಂತ ಗೊತ್ತಾಯ್ತು. ಹೆಸರು ಬರೆದಿದ್ದರೂ ಇಷ್ಟೇ ಆಗ್ತಿತ್ತು.

ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರೊಂದನ್ನೇ ಹೇಳುವುದಿಲ್ಲ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಅಕ್ಕಪಕ್ಕದ ಗುರುತು, ಯಾವುದರಿಂದ ಮಗು ಯಾರೆಂದು ತಿಳಿಯುತ್ತೋ ಅದನ್ನೆಲ್ಲ ತಡೆಯುತ್ತದೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪ್ರಕಾಶಕರು, ಮಾಲೀಕರೂ ಹೊಣೆ. ಪೊಲೀಸರು ಹೇಳಿದರು ಅನ್ನೋದು ನಿಮ್ಮನ್ನು ಕಾಪಾಡಲ್ಲ. ಇಂಥ ಕೇಸಿನ ಎಫ್‌ಐಆರ್ ಅನ್ನೇ ಸಾರ್ವಜನಿಕವಾಗಿ ಇಡಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಸ್ವಾತಂತ್ರ್ಯದ ಮಾತು. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಬೇರೆ ವಿಧಿ ಇಲ್ಲ. ಎಲ್ಲ ನಾಗರಿಕರಿಗೂ ಇರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ವಿಧಿಯೇ ನಮಗೂ. ಅದು ಸಣ್ಣ ಬಲ ಏನಲ್ಲ. 1950ರಲ್ಲಿ ಮದ್ರಾಸ್ ಸರ್ಕಾರ ‘ಕ್ರಾಸ್ ರೋಡ್ಸ್’ ಪತ್ರಿಕೆ ತನ್ನ ರಾಜ್ಯದೊಳಗೆ ಬರದಂತೆ ತಡೆದಾಗ, ಅದರ ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟ್‌ಗೆ ಹೋಗಿ ಗೆದ್ದರು. ಆಡಳಿತ ನಡೆಸುವವರಿಗೆ ಹಿಡಿಸದ ಸುದ್ದಿಯನ್ನು ಯಾರಾದರೂ ನಿಲ್ಲಿಸಿದರೆ ಜಗಳ ಆಡಿ, ನಾನೂ ಜೊತೆಗೆ ಬರ್ತೀನಿ. ಇಲ್ಲಿ ಕಾಪಿಯಿಂದ ಹೋದದ್ದು ಡೈರಿ ಮತ್ತು ಕ್ಲಾಸು. ಸುದ್ದಿ ಹಾಗೇ ಇದೆ. ದೂರು ಕೊಡಲು ಹೋದಾಗ ಸ್ಟೇಷನ್‌ನಲ್ಲಿ ಎಷ್ಟು ಹೊತ್ತು ಕಾಯಿಸಿದರು? ಹೇಳಿಕೆ ಪಡೆದದ್ದು ಮಹಿಳಾ ಅಧಿಕಾರಿಯಾ? ಪರಿಹಾರಕ್ಕೆ ಅರ್ಜಿ ಹೋಗಿದೆಯಾ? ಇದನ್ನು ಕೇಳಿ ಬರೆಯಿರಿ, ಗುರುತು ಬೇಕಾಗಲ್ಲ.

ಪ್ರಶ್ನೆ (ಇನ್ನೊಬ್ಬ ವರದಿಗಾರ್ತಿ): ಸರ್, ಆರೋಪಿ ಮನೆಯವನೇ ಆಗಿದ್ದರೆ? ಅವನ ಹೆಸರು ಹಾಕಬಹುದಲ್ವಾ?

ಉತ್ತರ: ಎಲ್ಲರೂ ಎಡವೋದು ಇಲ್ಲೇ, ಮೇಡಂ. ಚಿಕ್ಕಪ್ಪನ ಹೆಸರು ಹಾಕಿದರೆ ಮಗುವಿನ ಹೆಸರು ಹಾಕಿದ ಹಾಗೇ. ಆಗ ಅವನ ಹೆಸರೂ ಬೇಡ, ಊರೂ ಬೇಡ. ಒಂದು ಪತ್ರಿಕೆ ಸಂಬಂಧ ಹೇಳಿ, ಇನ್ನೊಂದು ಹೆಸರು ಹೇಳಿದರೂ ಓದುವವರು ಎರಡನ್ನೂ ಜೋಡಿಸ್ತಾರೆ. ಅದಕ್ಕೇ ಪಕ್ಕದ ಪತ್ರಿಕೆಯವರು ಏನು ಕಳಿಸ್ತಿದ್ದಾರೆ ಅಂತ ಒಂದು ಫೋನ್ ಮಾಡಿ ಕೇಳೋದು ಒಳ್ಳೇದು. ಸ್ಪರ್ಧೆ ನಾಳೆ ಇದ್ದೇ ಇರುತ್ತೆ.

ಪ್ರಶ್ನೆ (ತಾಲ್ಲೂಕು ವರದಿಗಾರ): ಯೂಟ್ಯೂಬ್ ಚಾನೆಲ್‌ನವರು ಮನೆ ಬಾಗಿಲನ್ನೇ ತೋರಿಸಿದ್ದಾರೆ ಸರ್. ಅವರಿಗೆ ಇದೆಲ್ಲ ಇಲ್ವಾ?

ಉತ್ತರ: ಇದೆ. ಕಾಯ್ದೆ ಹೇಳೋದು ‘ಯಾವುದೇ ಮಾಧ್ಯಮ’ ಅಂತ. ಮುಖ ಮಸುಕು ಮಾಡಿ ಬಾಗಿಲು, ತುಳಸಿಕಟ್ಟೆ, ಬೈಕ್ ತೋರಿಸೋದು ಸುಮ್ನೆ ನಾಟಕ.

ಪ್ರಶ್ನೆ (ತಾಲ್ಲೂಕು ವರದಿಗಾರ): ಸರ್, ನಾನು ಬರೆದ ಪೂರ್ತಿ ಕಾಪಿ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇದೆ. ಎರಡು ಗ್ರೂಪಿಗೂ ಹಾಕಿದ್ದೆ.

ಉತ್ತರ: ಈಗಲೇ ತೆಗೀರಿ. ಗ್ರೂಪಲ್ಲಿ ‘ಎಲ್ಲರಿಗೂ ಅಳಿಸಿ’ ಒತ್ತಿ. ಅದು ಬರದಿದ್ದರೆ ಅಡ್ಮಿನ್‌ಗೆ ಫೋನ್ ಮಾಡಿ, ಮೆಸೇಜ್ ಬೇಡ.