ಈರುಳ್ಳಿ ಬೇರಿನ ಸ್ಲೈಡಿನಲ್ಲಿ ಮೆಟಾಫೇಸ್ ಒಂದೂ ಕಾಣ್ತಿಲ್ಲ

ಪಿಸಿಎಂಬಿ ಹುಡುಗಿ:
ಸೆಕೆಂಡ್ ಪಿಯು ಪ್ರಾಕ್ಟಿಕಲ್‌ಗೆ ಮೈಟಾಸಿಸ್ (ಕೋಶ ವಿಭಜನೆ) ಸ್ಲೈಡ್ ಮಾಡ್ತಿದ್ದೀವಿ. ಬೇರು 5 ಸೆಂ.ಮೀ. ಬಂದಿತ್ತು. ಮಧ್ಯಾಹ್ನ ಕತ್ತರಿಸಿ, ನೇರವಾಗಿ ಅಸಿಟೋಕಾರ್ಮೈನ್ ಬಣ್ಣ ಹಾಕಿ, ಬಿಸಿ ಮಾಡಿ ಒತ್ತಿದ್ವಿ. 10 ಎಕ್ಸ್‌ನಲ್ಲಿ ಉದ್ದುದ್ದ ಕೋಶಗಳು, ಒಳಗೆ ಒಂದೊಂದು ಚುಕ್ಕೆ, ಅಷ್ಟೇ. ಕ್ರೋಮೋಸೋಮ್ ನಡುವೆ ಸಾಲಾಗಿ ನಿಲ್ಲೋ ಮೆಟಾಫೇಸ್ ಹಂತ ಒಂದೂ ಇಲ್ಲ. 40 ಎಕ್ಸ್‌ಗೆ ಹೋದರೆ ಬರೀ ಕೆಂಪು ಮಬ್ಬು. ಎಲ್ಲಿ ತಪ್ಪಿದೆ?

ಬಾಟನಿ ಮೇಷ್ಟ್ರು:
ಉದ್ದ ಕೋಶ ಕಂಡಿದೆ ಅಂದರೆ ನೀವು ಒತ್ತಿದ್ದು ತುದಿಯನ್ನಲ್ಲಮ್ಮ, ಅದರ ಮೇಲಿನ ಹಿಗ್ಗುವ ಭಾಗವನ್ನ. ಅಲ್ಲಿ ಕೋಶ ಉದ್ದವಾಗುತ್ತೆ, ವಿಭಜನೆ ಆಗಲ್ಲ. ವಿಭಜನೆ ನಡೆಯೋದು ತುದಿಯ 2-3 ಮಿ.ಮೀ. ಒಳಗೆ, ಬೇರಿನ ಟೊಪ್ಪಿಯ ಬೆನ್ನಿಗೇ. ಅಲ್ಲಿ ಕೋಶಗಳು ಚಿಕ್ಕವು, ನ್ಯೂಕ್ಲಿಯಸ್ ದೊಡ್ಡದು, ಹಾಗಾಗಿ ಬಣ್ಣ ಗಾಢವಾಗಿ ಹಿಡಿಯುತ್ತೆ. ಬಣ್ಣ ಹಾಕಿದ ಮೇಲೆ ಆ ಕಡುಗೆಂಪು ತುಂಡನ್ನು ಮಾತ್ರ ಬ್ಲೇಡಿನಲ್ಲಿ ಕತ್ತರಿಸಿ ಇಟ್ಟುಕೊಂಡು, ಉಳಿದದ್ದನ್ನು ಎಸೆದುಬಿಡಿ.

ಬೇರು 2-3 ಸೆಂ.ಮೀ. ಇದ್ದಾಗಲೇ, ಬೆಳಿಗ್ಗೆ 8ರಿಂದ 10ರ ಒಳಗೆ ಕತ್ತರಿಸಿ. ಫಿಕ್ಸ್ ಮಾಡದೆ, ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡದೆ ಬಿಟ್ಟಿದ್ದೂ ತಪ್ಪೇ. ಗ್ಲೇಶಿಯಲ್ ಅಸಿಟಿಕ್ ಆಮ್ಲ 1 ಭಾಗ, ಆಲ್ಕೋಹಾಲ್ 3 ಭಾಗ ಸೇರಿಸಿ, ಅದರಲ್ಲಿ ತುದಿಗಳನ್ನು 24 ಗಂಟೆ ಇಡಿ. ದ್ರಾವಣ ಅವತ್ತೇ ಬೆರೆಸಿದ್ದಾಗಿರಲಿ. ಹಳೆಯದಾದರೆ ಎರಡೂ ಸೇರಿ ಎಸ್ಟರ್ ಆಗುತ್ತೆ, ಕೆಲಸಕ್ಕೆ ಬರಲ್ಲ.

ಸ್ಲೈಡ್ ರಂಗ:
ಮೇಷ್ಟ್ರು ಆಮ್ಲದ ವಿಷಯ ಬಿಟ್ಟರು. ಆ ಕೆಂಪು ಮಬ್ಬಿಗೆ ಕಾರಣ ಕೋಶಗಳು ಬಿಡಿಸಿಕೊಳ್ಳದೆ ಒಂದರ ಮೇಲೊಂದು ಕೂತಿರೋದು. ಸ್ಲೈಡ್ ಮೇಲೆ ಬೇರಿಗೆ ಎನ್/10 (ತೆಳುವಾದ) ಹೈಡ್ರೋಕ್ಲೋರಿಕ್ ಆಮ್ಲ 1 ಹನಿ, ಅಸಿಟೋಕಾರ್ಮೈನ್ 2-3 ಹನಿ ಹಾಕಿ. ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಆಮ್ಲಕ್ಕೆ ಸಡಿಲವಾಗುತ್ತೆ. ಸ್ಪಿರಿಟ್ ಲ್ಯಾಂಪ್ ಮೇಲೆ ಸ್ಲೈಡನ್ನು ಆಡಿಸಿ, ಅಂಗೈ ಹಿಂಭಾಗಕ್ಕೆ ಬೆಚ್ಚಗೆ ತಾಗುವಷ್ಟು ಬಿಸಿಯಾದರೆ ಸಾಕು. ಕುದಿಸಿದರೆ ಬಣ್ಣ ಒಣಗಿ ಹರಳು ಕೂರುತ್ತೆ. ಆಮೇಲೆ 5-10 ನಿಮಿಷ ಹಾಗೇ ಬಿಡಿ.

ಬಣ್ಣ ಒರೆಸಿ, ಒಂದು ಹನಿ ನೀರು ಹಾಕಿ, ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿ. ಪೆನ್ಸಿಲ್ಲಿನ ಹಿಂಬದಿಯಿಂದ ಟಕ್ ಟಕ್ ತಟ್ಟಿ. ನಂತರ ಬ್ಲಾಟಿಂಗ್ ಪೇಪರ್ ಮಡಚಿಟ್ಟು ಹೆಬ್ಬೆರಳಿನಲ್ಲಿ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಸ್ವಲ್ಪ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ, ಆ ಸ್ಲೈಡ್ ಮುಗಿದ ಹಾಗೆ.

ಪಿಸಿಎಂಬಿ ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್. ಪರೀಕ್ಷೆ ದಿನಕ್ಕೆ ತುದಿಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಬಹುದಾ? ಈರುಳ್ಳಿ ಬೇರು ಬಿಡೋಕೇ ತಡ ಮಾಡ್ತಿದೆ.

ಬಾಟನಿ ಮೇಷ್ಟ್ರು:
ಇಡಬಹುದು. 24 ಗಂಟೆ ಆದಮೇಲೆ 70% ಆಲ್ಕೋಹಾಲ್‌ಗೆ ವರ್ಗಾಯಿಸಿ ಫ್ರಿಜ್ಜಿನಲ್ಲಿಡಿ. ಬೇರು ಬೇಗ ಬರಬೇಕಾದರೆ ಗಡ್ಡೆಯ ತಳದ ಒಣ ಬೇರುಗಳನ್ನು ಕೆರೆದು ತೆಗೆಯಿರಿ, ತಟ್ಟೆಯಂಥ ಗಟ್ಟಿ ಭಾಗಕ್ಕೆ ಗಾಯ ಮಾಡಬೇಡಿ. ತಳ ಮಾತ್ರ ನೀರಿಗೆ ತಾಗಲಿ, ದಿನಾ ನೀರು ಬದಲಿಸಿ. ಅದೂ ಕೈಕೊಟ್ಟರೆ ಬೆಳ್ಳುಳ್ಳಿ ಎಸಳು ಇಡಿ, ಈರುಳ್ಳಿಯ ಹಾಗೆ ಅದರಲ್ಲೂ ಕ್ರೋಮೋಸೋಮ್ 16.

ಎಲ್ಲಾ ಸರಿ ಮಾಡಿದರೂ ಹೆಚ್ಚಿನ ಕೋಶಗಳು ಇಂಟರ್‌ಫೇಸ್‌ನಲ್ಲೇ (ವಿಭಜನೆ ಶುರುವಾಗದ ಹಂತ) ಇರುತ್ತವೆ, ವಿಭಜನೆಯಲ್ಲಿರೋದರಲ್ಲಿ ಮೊದಲ ಹಂತವಾದ ಪ್ರೋಫೇಸ್ ಜಾಸ್ತಿ. ಮೆಟಾಫೇಸ್ ಹುಡುಕಲು 10 ಎಕ್ಸ್‌ನಲ್ಲೇ ಸ್ಲೈಡ್ ಪೂರ್ತಿ ಜಾಲಾಡಿ, ಸಿಕ್ಕಮೇಲೆ 40ಕ್ಕೆ ಹೋಗಿ. ಚಿತ್ರದಲ್ಲಿ ಪ್ರಾಣಿಕೋಶದಲ್ಲಿರೋ ಸೆಂಟ್ರಿಯೋಲ್ ಬರೀಬೇಡಿ, ಈರುಳ್ಳಿಯಲ್ಲಿ ಅದಿಲ್ಲ. ಕೊನೆಯ ಹಂತವಾದ ಟೆಲೋಫೇಸ್‌ನಲ್ಲಿ ಕೋಶದ ನಡು ಸೊಂಟದ ಹಾಗೆ ಒಳಕ್ಕೆ ಹೋಗಲ್ಲ, ಮಧ್ಯೆ ಕೋಶಫಲಕ ಮೂಡುತ್ತೆ. ವೈವಾದಲ್ಲಿ ಇದನ್ನೇ ಹಿಡೀತಾರೆ.